ಸಾವಯವ ಬೆಳೆಯನ್ನು ರೈತರಿಂದ ನೇರವಾಗಿ ಕೊಳ್ಳುವ ಬಳಗ ಕಟ್ಟುವುದು ಹೇಗೆ?

ಸ್ಥಳೀಯ ಸಾವಯವ ಆಹಾರಕ್ಕೆ ಗ್ರಾಹಕರು ಕೊಡುವ ಹಣ ಹಳ್ಳಿಯಲ್ಲೇ ಉಳಿಯಬೇಕಾದರೆ, ಕೆಲವು ಮನೆಗಳು ಬಳಗವಾಗಿ ಸೇರಿ ರೈತರಿಂದಲೇ ಕೊಳ್ಳುವುದು ಒಳ್ಳೆಯ ದಾರಿ. ಉತ್ಸಾಹದಿಂದ ಆರಂಭವಾದ ಇಂಥ ಬಳಗಗಳು ಒಂದೇ ಹಂಗಾಮಿನಲ್ಲಿ ಚದುರಿದ್ದನ್ನು ಹಲವು ಬಾರಿ ಕಂಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಕ್ಕಪಕ್ಕದ ಮನೆಗಳನ್ನು ಸೇರಿಸಿಕೊಳ್ಳಿ. ನಂತರ ಹತ್ತಿರದ ಎರಡು ಮೂರು ರೈತ ಕುಟುಂಬಗಳನ್ನು ಅವರ ಹೊಲದಲ್ಲೇ ಭೇಟಿಯಾಗಿ, ಆ ನೆಲದಲ್ಲಿ ಯಾವ ಕಾಲಕ್ಕೆ ಏನು ಬರುತ್ತದೆ ಎಂಬುದನ್ನು ಕೇಳಿಕೊಳ್ಳಿ.

ಹೆಚ್ಚಿನವರು ಎಡವುವುದು ಮೂರನೆಯ ಹೆಜ್ಜೆಯಲ್ಲಿ. ಬೇಡಿಕೆಯನ್ನು ಬಿತ್ತನೆಗೆ ಮೊದಲೇ ಬರೆದುಕೊಡಬೇಕು. ಸಾವಯವ ತರಕಾರಿ ಬೇಕೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಆ ಮಾತನ್ನು ನಂಬಿ ಬಿತ್ತಿದವರ ಫಸಲು ಕೊನೆಗೆ ಕೊಳ್ಳುವವರಿಲ್ಲದೆ ಬಾಡುತ್ತದೆ. ಆದ್ದರಿಂದ ಪ್ರತಿ ಮನೆಯವರೂ ನಾಲ್ಕು ವಾರ ತಾವು ನಿಜವಾಗಿ ಕೊಂಡದ್ದನ್ನು ತೂಕಸಹಿತ ಬರೆದಿಡಲಿ, ಅದರ ವಾರದ ಸರಾಸರಿಯ ಮುಕ್ಕಾಲು ಭಾಗವನ್ನಷ್ಟೇ ಬೇಡಿಕೆಯಾಗಿ ಕೊಡಲಿ. ಬೆಲೆಯನ್ನು ಅಂದೇ ನಿಗದಿಪಡಿಸಿ, ಒಂದು ಪಾಲನ್ನು ಮುಂಗಡವಾಗಿ ಕೊಡಿ. ಬೀಜ, ಗೊಬ್ಬರ, ಕೂಲಿಗೆ ಬೆಳೆಗಾರರು ಸಾಲಕ್ಕೆ ಕೈಯೊಡ್ಡುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಮಳೆ ಕೈಕೊಟ್ಟರೆ ನಷ್ಟವನ್ನು ಹೇಗೆ ಹಂಚಿಕೊಳ್ಳಬೇಕೆಂಬುದೂ ಒಪ್ಪಂದದಲ್ಲಿರಲಿ. ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆದ ‘ತೇಯ್ಕೇಯ್’ ಪದ್ಧತಿ ನಿಂತಿದ್ದೂ ಬೆಳೆಗಾರರು ಮತ್ತು ಗ್ರಾಹಕರ ನಡುವಿನ ಇಂಥ ನೇರ ಒಡಂಬಡಿಕೆಯ ಮೇಲೆಯೇ.

ರಾಸಾಯನಿಕ ಬಿಟ್ಟ ಮರುದಿನವೇ ಹೊಲ ಸಾವಯವವಾಗುವುದಿಲ್ಲ. ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ ಪರಿವರ್ತನೆಯ ಅವಧಿಯೆಂದು ಪರಿಗಣಿಸಲಾಗುತ್ತದೆ. ಇಳುವರಿ ಕುಗ್ಗಬಹುದಾದ, ಸಾವಯವದ ಬೆಲೆಯೂ ಸಿಗದ ಆ ವರ್ಷಗಳಲ್ಲೇ ಅನೇಕರು ಹಿಂದೆ ಸರಿಯುವುದರಿಂದ, ‘ಪರಿವರ್ತನೆಯ ಹಂತದ ಬೆಳೆ’ ಎಂದು ಸ್ಪಷ್ಟವಾಗಿ ಬರೆಸಿ ನ್ಯಾಯವಾದ ಬೆಲೆಗೆ ಕೊಳ್ಳಿ.

ಪ್ರಮಾಣಪತ್ರದ ವೆಚ್ಚ ಸಣ್ಣ ಹಿಡುವಳಿದಾರರಿಗೆ ಭಾರವಾದರೆ, ರೈತರೂ ಗ್ರಾಹಕರೂ ಸೇರಿ ಹೊಲಗಳನ್ನು ಪರಿಶೀಲಿಸುವ ಸಹಭಾಗಿತ್ವದ ಖಾತರಿ ಪದ್ಧತಿಯನ್ನು ಅನುಸರಿಸಬಹುದು. ಪೊಟ್ಟಣದ ಮೇಲೆ ‘ನೈಸರ್ಗಿಕ’ ಎಂದು ಅಚ್ಚಾದ ಮಾತ್ರಕ್ಕೆ ಒಳಗಿರುವುದು ಸಾವಯವವೆಂದು ನಂಬಬೇಡಿ. ಕೊರತೆಯಾದ ವಾರ ಸಗಟು ಮಾರುಕಟ್ಟೆಯ ಮಾಲನ್ನು ಬೆರೆಸುವ ಅಡ್ಡದಾರಿ ಬೇಡವೇ ಬೇಡ. ಚೀಲ ಚಿಕ್ಕದಾಗಿಯೇ ಬರಲಿ.

ವಿತರಣೆಗೆ ವಾರದಲ್ಲಿ ಒಂದು ದಿನ, ಒಂದು ಜಾಗ ಸಾಕು. ಶುಚಿಗೊಳಿಸುವ, ವಿಂಗಡಿಸುವ, ಚೀಲ ತುಂಬುವ ಕೆಲಸವನ್ನು ಹಳ್ಳಿಯವರಿಗೇ ವಹಿಸಿ, ಆ ಕೂಲಿಯನ್ನು ಬೆಲೆಯಲ್ಲಿ ಸೇರಿಸಿ. ಹಂಗಾಮು ಮುಗಿದೊಡನೆ ಎಲ್ಲರೂ ಕುಳಿತು ಲೆಕ್ಕ ನೋಡಿ, ಉಳಿದುಹೋದ ಬೆಳೆಯ ಪ್ರಮಾಣವನ್ನು ತಗ್ಗಿಸಿದ ಪಟ್ಟಿಯನ್ನು ಮುಂದಿನ ಬಿತ್ತನೆಗೆ ಮೊದಲೇ ಬೆಳೆಗಾರರ ಕೈಗೆ ಕೊಡಿ.