ಬಾಲ್ ಮಿಲ್ ಬೇರಿಂಗಿನ ತಕರಾರು: ಆರ್ಬಿಟ್ರೇಟರ್ ಆಗಿ ನನ್ನ ಅನುಭವ

ಅದಿರು ಘಟಕದಲ್ಲಿ ಯಂತ್ರ ಮುರಿದ ದಿನ ಎರಡು ಕೆಲಸ ಬೇಗ ಆಗಿಬಿಡುತ್ತವೆ. ಮಾಲೀಕರು ವಕೀಲರಿಗೆ ಫೋನ್ ಮಾಡುತ್ತಾರೆ. ಮುರಿದ ಭಾಗ ಗುಜರಿ ರಾಶಿ ಸೇರುತ್ತದೆ. ನನಗೆ ಜಾಸ್ತಿ ತೊಂದರೆ ಕೊಟ್ಟಿರುವುದು ಈ ಎರಡನೆಯದು. ಭಾಗವೇ ಇಲ್ಲದಿದ್ದರೆ ಉಳಿಯುವುದು ಬರೀ ಮಾತು, ಅಲ್ವಾ?

ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಕೆಲಸ ಮಾಡಿದ್ದೆಲ್ಲ ಅದಿರು ಪುಡಿ ಮಾಡಿ ತೊಳೆಯುವ ಘಟಕಗಳಲ್ಲಿ. ನಿವೃತ್ತಿಯಾದ ಮೇಲೆ ಇಂಥ ತಕರಾರುಗಳಿಗೆ ಆರ್ಬಿಟ್ರೇಟರ್ ಆಗಿ, ಅಂದರೆ ಕೋರ್ಟಿನ ಹೊರಗೆ ತೀರ್ಪು ಕೊಡುವ ಮಧ್ಯಸ್ಥನಾಗಿ, ಕರೆಯುತ್ತಾರೆ. ಇಲ್ಲಿ ಬರೆಯುತ್ತಿರುವುದು ಚಿತ್ರದುರ್ಗ ಜಿಲ್ಲೆಯ ಒಂದು ಕಬ್ಬಿಣದ ಅದಿರು ಘಟಕದ ವಿಷಯ. ಎರಡೂ ಕಡೆಯವರ ಹೆಸರು ಹೇಳುವಂತಿಲ್ಲ.

2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ಬಳ್ಳಾರಿಯಲ್ಲಿ ಹಿಂದಿನ ತಿಂಗಳೇ ನಿಂತಿತ್ತು. ಅದಿರು ಬರದಿದ್ದ ಮೇಲೆ ಈ ಘಟಕವೂ ನಿಂತಿತು. ಹೊಸದಾಗಿ ಕೂರಿಸಿದ್ದ ಬಾಲ್ ಮಿಲ್ (ತಿರುಗುವ ಡ್ರಮ್ಮಿನೊಳಗೆ ಉಕ್ಕಿನ ಗುಂಡುಗಳಿಂದ ಅದಿರು ಪುಡಿ ಮಾಡುವ ಯಂತ್ರ) ಒಂದು ಸುತ್ತೂ ತಿರುಗದೆ ಹಾಗೇ ಉಳಿಯಿತು. 2013ರಲ್ಲಿ ಕೋರ್ಟ್ ಕೆಲವು ಗಣಿಗಳಿಗೆ ಒಪ್ಪಿಗೆ ಕೊಟ್ಟರೂ, ಒಂದೊಂದೇ ಅನುಮತಿ ಸಿಕ್ಕಿ ಘಟಕ ಮತ್ತೆ ಶುರುವಾಗುವಷ್ಟರಲ್ಲಿ ಮಿಲ್ಲಿನ ವಾರಂಟಿ ಮುಗಿದಿತ್ತು. ಮಾಲೀಕರು ಜಾಣತನ ಮಾಡಿದರು. ಮಿಲ್ ಕೊಟ್ಟ ಕಂಪನಿಗೇ ದುಡ್ಡು ಕಟ್ಟಿ, ಅವರ ಇಂಜಿನಿಯರನ್ನು ಕರೆಸಿ ಪರೀಕ್ಷೆ ಮಾಡಿಸಿದರು. ಆ ಪರೀಕ್ಷೆಯ ಕೆಲಸಕ್ಕೆ ಆರು ತಿಂಗಳ ಹೊಣೆ ಬರೆಸಿಕೊಂಡರು. ಆದರೂ ಕೆಲವೇ ವಾರಗಳಲ್ಲಿ ಪಿನಿಯನ್ ಬೇರಿಂಗ್ (ಮಿಲ್ಲನ್ನು ತಿರುಗಿಸುವ ಚಿಕ್ಕ ಗೇರಿನ ಶಾಫ್ಟನ್ನು ಹೊತ್ತಿರುವ ಬೇರಿಂಗ್) ಒಡೆದು ಶಾಫ್ಟನ್ನೂ ಹಾಳು ಮಾಡಿತು.

ಮಾಲೀಕರು ಬೇರಿಂಗೇ ಕಳಪೆ ಎಂದರು. ಕಂಪನಿಯವರು ಓವರ್‌ಲೋಡ್ ಮಾಡಿದ್ದೀರಿ, ಗ್ರೀಸ್ ಹಾಕಿಲ್ಲ ಎಂದರು.

ನನ್ನನ್ನು ನೇಮಿಸುವ ಮೊದಲೇ ಒಂದು ವಿಷಯ ಬರೆದು ತಿಳಿಸಿದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆ ಇದೇ ಕಂಪನಿಯಿಂದ ಪಂಪು ಕೊಂಡಿತ್ತು. ಆರ್ಬಿಟ್ರೇಷನ್ ಕಾಯ್ದೆಯ 12ನೇ ಕಲಂ ಪ್ರಕಾರ ಅನುಮಾನಕ್ಕೆ ಎಡೆ ಕೊಡುವ ಸಂಬಂಧವನ್ನೆಲ್ಲ ಹೇಳಲೇಬೇಕು. ಇಬ್ಬರೂ ಒಪ್ಪಿದರು.

ದಾವಣಗೆರೆಯಲ್ಲಿ ನಡೆದ ಮೊದಲ ಸಭೆಯಲ್ಲೇ ಆದೇಶ ಮಾಡಿದೆ: ಬೇರಿಂಗ್, ಅದರೊಳಗಿನ ಗ್ರೀಸ್, ಮೂಲ ಲಾಗ್ ಬುಕ್, ಮೋಟರಿನ ಆಂಪಿಯರ್ ದಾಖಲೆ ಎಲ್ಲಕ್ಕೂ ಸೀಲು ಹಾಕಬೇಕು, ಇಬ್ಬರೂ ಸಹಿ ಮಾಡಬೇಕು. ಪುಣ್ಯಕ್ಕೆ ಸ್ಟೋರ್ ಕೀಪರ್ ಬೇರಿಂಗನ್ನು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಲಾಗ್ ಬುಕ್ಕಿನ ಟೈಪ್ ಮಾಡಿದ ಪ್ರತಿ ನಾನು ತೆಗೆದುಕೊಳ್ಳುವುದಿಲ್ಲ. ಎಣ್ಣೆ ಕಲೆಯ ಮೂಲ ಪುಸ್ತಕವೇ ಬೇಕು. ಮೂರು ಶಿಫ್ಟಿಗೂ ಒಂದೇ ಪೆನ್ನು, ಒಂದೇ ಕೈಬರಹ ಇದ್ದರೆ ಅದನ್ನು ನಾನು ನಂಬುವುದಿಲ್ಲ. ಇಲ್ಲಿ ಹಾಗಿರಲಿಲ್ಲ.

ಇಬ್ಬರ ಎದುರಿಗೇ ಬೇರಿಂಗ್ ಬಿಚ್ಚಿಸಿದೆವು. ಗ್ರೀಸ್ ಇಲ್ಲದೆ ಸುಟ್ಟಿದ್ದರೆ ರೇಸು (ರೋಲರುಗಳು ಓಡುವ ಉಕ್ಕಿನ ಬಳೆ), ರೋಲರುಗಳು ನೀಲಿ ಇಲ್ಲವೇ ಕಂದು ಬಣ್ಣಕ್ಕೆ ತಿರುಗಿರಬೇಕಿತ್ತು. ಆ ಬಣ್ಣ ಇರಲಿಲ್ಲ. ಮೋಟರ್ ಮಿತಿ ಮೀರಿ ಆಂಪಿಯರ್ ಎಳೆದ ದಾಖಲೆಯೂ ಇರಲಿಲ್ಲ, ಅಂದರೆ ಓವರ್‌ಲೋಡ್ ಆಗಿರಲಿಲ್ಲ. ಪಿನಿಯನ್ ಹಲ್ಲುಗಳು ಅಗಲಕ್ಕೂ ಸಮನಾಗಿ ಸವೆದಿದ್ದವು, ಅಂದರೆ ಅಲೈನ್‌ಮೆಂಟ್ (ಗೇರುಗಳ ನೇರ ಜೋಡಣೆ) ಕೆಟ್ಟಿರಲಿಲ್ಲ. ಆದರೆ ರೇಸಿನ ಮೇಲೆ ತುಕ್ಕು ತಿಂದ ಪಟ್ಟಿಗಳಿದ್ದವು. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಇದ್ದ ಅಂತರ, ರೋಲರಿನಿಂದ ರೋಲರಿಗೆ ಇರುವ ಅಂತರ ಎರಡೂ ಒಂದೇ. ಬೇರಿಂಗ್ ತಿರುಗದೆ ನಿಂತಿದ್ದಾಗ ತೇವ ಸೇರಿ, ರೋಲರ್ ಕೂತ ಜಾಗದಲ್ಲೇ ಹಿಡಿದ ತುಕ್ಕು ಅದು. ಲೋಹ ಪದರು ಪದರಾಗಿ ಏಳಲು ಶುರುವಾಗಿದ್ದೂ ಅಲ್ಲಿಂದಲೇ.

ಆ ಪಟ್ಟಿ ನೋಡಿದ ಕೂಡಲೇ ನನಗೆ ಕಾರಣ ಹೊಳೆಯಿತು. ಇಂಜಿನಿಯರ್ ಆಗಿದ್ದವನು ತೀರ್ಪು ಕೊಡುವ ಜಾಗದಲ್ಲಿ ಕೂತಾಗ ತುಂಬಾ ಹುಷಾರಾಗಿರಬೇಕಾದ ಹೊತ್ತು ಇದು. ಹೊಳೆದದ್ದನ್ನು ಸುಮ್ನೆ ಮನಸ್ಸಲ್ಲಿಟ್ಟುಕೊಂಡು ಅವಾರ್ಡಿನಲ್ಲಿ, ಅಂದರೆ ಆರ್ಬಿಟ್ರೇಟರ್ ಕೊಡುವ ತೀರ್ಪಿನಲ್ಲಿ, ಬರೆದರೆ ಅದು ಅನ್ಯಾಯ. ಉತ್ತರ ಹೇಳಲು ಯಾರಿಗೂ ಅವಕಾಶ ಸಿಕ್ಕಿರುವುದಿಲ್ಲ. ಹಾಗಾಗಿ ನನ್ನ ಅನುಮಾನವನ್ನು ಅಲ್ಲೇ ಇಬ್ಬರಿಗೂ ಹೇಳಿದೆ. 26ನೇ ಕಲಂ ಕೆಳಗೆ ಲೋಹ ತಜ್ಞರೊಬ್ಬರನ್ನು ನೇಮಿಸಿದೆ. ಅವರ ವರದಿ ಇಬ್ಬರ ಕೈಗೂ ಹೋಯಿತು. ಇಬ್ಬರ ವಕೀಲರೂ ಅವರನ್ನು ಪ್ರಶ್ನೆ ಮಾಡಿದರು. ತಜ್ಞರು ಹೇಳಿದ್ದೂ ತುಕ್ಕೇ.

ಈಗ ಕಂಪನಿಯವರಿಗೆ ಧೈರ್ಯ ಬಂತು. ಯಂತ್ರ ನಿಂತಿದ್ದಾಗ ನೋಡಿಕೊಳ್ಳಬೇಕಾದವರು ಮಾಲೀಕರು ತಾನೇ, ನಮಗೇನು ಸಂಬಂಧ ಎಂದರು. ಆದರೆ ಯಾಕೆ ಮುರಿಯಿತು ಎಂಬುದು ಒಂದು ಪ್ರಶ್ನೆ, ಯಾರು ದುಡ್ಡು ಕೊಡಬೇಕು ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಎರಡನೆಯದೂ ಮುಗಿಯಿತು ಎಂದುಕೊಳ್ಳುತ್ತಾರೆ.

ಕಂಪನಿಯ ಪರೀಕ್ಷಾ ವರದಿಯಲ್ಲಿ ‘ಬೇರಿಂಗ್ ಬಿಚ್ಚಿ ನೋಡಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿದ್ದರು. ಘಟಕದ ಹಿರಿಯ ಫಿಟ್ಟರ್ ಸಾಕ್ಷಿ ಹೇಳಲು ಬಂದರು. "ಕವರ್ ಬಿಚ್ಚಲೇ ಇಲ್ಲ ಸಾರ್. ಗ್ರೀಸ್ ಗನ್ ಹೊಡೆದ್ವಿ, ಶಾಫ್ಟ್ ತಿರುಗಿಸಿ ಸದ್ದು ಕೇಳಿದ್ರು, ಅಷ್ಟೇ" ಎಂದರು. ಪಾಟೀಸವಾಲಿನಲ್ಲೂ ಮಾತು ಬದಲಿಸಲಿಲ್ಲ. ಕೊನೆಗೆ ಕಂಪನಿಯ ಇಂಜಿನಿಯರೇ ಅದನ್ನು ಒಪ್ಪಿದರು.

ಲೆಕ್ಕ ಹೀಗೆ ಹಾಕಿದೆ. ಅವತ್ತು ಕವರ್ ಬಿಚ್ಚಿದ್ದರೆ ತುಕ್ಕು ಕಾಣುತ್ತಿತ್ತು, ಮಾಲೀಕರು ತಮ್ಮ ದುಡ್ಡಲ್ಲೇ ಬೇರಿಂಗ್ ಬದಲಿಸಬೇಕಾಗುತ್ತಿತ್ತು. ಹಾಗಾಗಿ ಬೇರಿಂಗಿನ ಬೆಲೆ ಮಾಲೀಕರದ್ದೇ. ಆದರೆ ಶಾಫ್ಟ್ ಉಳಿಯುತ್ತಿತ್ತು. ಶಾಫ್ಟ್, ಕ್ರೇನ್ ಬಾಡಿಗೆ, ರಿಪೇರಿ ಕೂಲಿ ಕಂಪನಿಯ ಮೇಲೆ ಬಿತ್ತು. ಪರೀಕ್ಷೆಗೆ ತೆಗೆದುಕೊಂಡ ಶುಲ್ಕವನ್ನೂ ವಾಪಸ್ ಕೊಡಿಸಿದೆ. ಮಾಲೀಕರು ಕೇಳಿದ ದೊಡ್ಡ ಮೊತ್ತ ಉತ್ಪಾದನೆ ನಷ್ಟದ್ದು. ಮಿಲ್ಲಿನ ನಾಮಫಲಕದಲ್ಲಿದ್ದ ಟನ್ನನ್ನು ಅದಿರಿನ ಬೆಲೆಯಿಂದ ಗುಣಿಸಿದ್ದರು. ಅವರದೇ ಲಾಗ್ ಬುಕ್ಕಿನಲ್ಲಿ ಅಷ್ಟು ಟನ್ ಒಂದು ದಿನವೂ ಬಂದಿರಲಿಲ್ಲ. ಅದಿರಲಿ, ಇಂಥ ನಷ್ಟ ಕೇಳುವಂತಿಲ್ಲ ಎಂದು ಕರಾರಿನಲ್ಲೇ ಸ್ಪಷ್ಟವಾಗಿತ್ತು. ಆ ಬೇಡಿಕೆಯನ್ನು ಪೂರ್ತಿ ತಳ್ಳಿಹಾಕಿದೆ. ಪ್ರತಿ ಅಂಶಕ್ಕೂ ಕಾರಣ ಬರೆದೆ.

ಅವಾರ್ಡ್ ರದ್ದು ಮಾಡಿಸಲು ಕೋರ್ಟಿಗೆ ಹೋಗಲು 34ನೇ ಕಲಂ ಮೂರು ತಿಂಗಳು ಕೊಡುತ್ತದೆ. ಇಬ್ಬರೂ ಹೋಗಲಿಲ್ಲ. ಕಂಪನಿ ಹಣ ಕಟ್ಟಿತು. ಆ ಘಟಕದಲ್ಲಿ ಈಗ ಮಿಲ್ ನಿಂತಿರುವಾಗಲೂ ವಾರಕ್ಕೊಮ್ಮೆ ಶಾಫ್ಟ್ ತಿರುಗಿಸಿ, ಹೊಸ ಗ್ರೀಸ್ ತುಂಬಿ, ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾರೆ.