ಬಳ್ಳಾರಿ ಜಾಲಿಯನ್ನು ಬುಡಸಮೇತ ತೆಗೆದು ಹುಲ್ಲುಗಾವಲು ಮರಳಿಸುವ ಬಗೆ

ಕೊಪ್ಪಳ, ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳ ಗೋಮಾಳಗಳಲ್ಲಿ ಕಡಿದ ಬಳ್ಳಾರಿ ಜಾಲಿ ಒಂದೆರಡು ಮಳೆಗೇ ಮೊದಲಿಗಿಂತ ದಟ್ಟವಾಗಿ ಎದ್ದು ನಿಲ್ಲುತ್ತದೆ. 19ನೆಯ ಶತಮಾನದಲ್ಲಿ ಅಮೆರಿಕ ಖಂಡದ ಕಡೆಯಿಂದ ಭಾರತಕ್ಕೆ ಬಂದ ಈ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸುವುದೆಂದರೆ ಅದನ್ನು ಚಿಗುರಿಸಿದಂತೆಯೇ.

ಗೋಮಾಳವಾದರೆ ಪಂಚಾಯಿತಿ ಮತ್ತು ತಹಶೀಲ್ದಾರರ, ಅರಣ್ಯ ಭೂಮಿಯಾದರೆ ಅರಣ್ಯ ಇಲಾಖೆಯ ಒಪ್ಪಿಗೆಯನ್ನು ಮೊದಲು ಪಡೆಯಿರಿ. ಕಡಿಯದೆ ಉಳಿಸಬೇಕಾದ ಬನ್ನಿ, ಬಾರೆ, ಕರಿಜಾಲಿಗಳಿಗೆ ಸುಣ್ಣದ ಗುರುತು ಹಾಕಿ. ಕರಿಜಾಲಿಯ ಹೂವು ಹಳದಿ ಗುಂಡು, ಕಾಯಿ ಮಣಿ ಪೋಣಿಸಿದಂತಿರುತ್ತದೆ. ಬಳ್ಳಾರಿ ಜಾಲಿಯದು ಉದ್ದನೆಯ ತೆನೆಹೂವು.

ಮಳೆಗಾಲ ಮುಗಿದು ನೆಲದಲ್ಲಿ ಹಸಿ ಇನ್ನೂ ಉಳಿದಿರುವಾಗ ಕೆಲಸ ಆರಂಭಿಸುವುದು ಒಳ್ಳೆಯದು. ಬೇಸಿಗೆಯ ಎರೆಭೂಮಿಗೆ ಹಾರೆಯೂ ಇಳಿಯುವುದಿಲ್ಲ. ಹಿಡಿಯಲು ಅನುಕೂಲವಾಗುವಂತೆ ಮೊಳಕಾಲೆತ್ತರದ ಕಾಂಡವನ್ನು ಬಿಟ್ಟು ಮೇಲಿನದನ್ನು ಕಡಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಮತ್ತೆ ಚಿಗುರುವ ಮೊಗ್ಗುಗಳು ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿ, ಮಣ್ಣಿನ ಕೆಳಗೆ ಅಡಗಿರುತ್ತವೆ. ಗಾಳಿ, ನೀರು ಬುಡಕ್ಕೆ ತಂದು ಪೇರಿಸಿದ ಮಣ್ಣನ್ನು ಮೊದಲು ಸರಿಸಿ, ಮೂಲ ನೆಲಮಟ್ಟ ಕಂಡ ಮೇಲೆಯೇ ಆಳವನ್ನು ಅಳೆಯಬೇಕು. ಸಣ್ಣ ಗಿಡಕ್ಕೆ ಗೇಣು ಆಳ ಸಾಕು; ದೊಡ್ಡದಕ್ಕೆ ಸುತ್ತಲೂ ಅಗೆದು, ಸುಮಾರು ಒಂದು ಅಡಿ ಕೆಳಗೆ ತಾಯಿಬೇರನ್ನೂ ಪಕ್ಕದ ಬೇರುಗಳನ್ನೂ ಕೊಡಲಿಯಿಂದ ಕತ್ತರಿಸಿ ಗಂಟನ್ನು ಇಡಿಯಾಗಿ ಎತ್ತಬೇಕು. ಗಂಟಿನ ಒಂದು ಚೂರು ಮಣ್ಣಿನಲ್ಲಿ ಉಳಿದರೂ ಅದು ಚಿಗುರಬಲ್ಲದು. ಇದ್ದಿಲಿಗಾಗಿ ಕಡಿಯುವ ಗುತ್ತಿಗೆದಾರರು ಈ ಗಂಟನ್ನು ಮುಟ್ಟುವುದೇ ಇಲ್ಲವಾದ್ದರಿಂದ, ಬುಡ ತೆಗೆಯುವ ಕರಾರಿಲ್ಲದೆ ಅವರಿಗೆ ಕೆಲಸ ಕೊಡಬೇಡಿ.

ಅಂಗಡಿಯವರು ಹೊಗಳುವ ಗ್ಲೈಫೋಸೇಟ್ ಎಂಬ ಕಳೆನಾಶಕದ ಸಿಂಪಡಣೆ ನನಗೆ ಒಪ್ಪಿಗೆಯಿಲ್ಲ: ಅದು ಹುಲ್ಲನ್ನೂ ಕೊಲ್ಲುತ್ತದೆ, ಬೆಳೆದ ಜಾಲಿ ಮಾತ್ರ ಎಲೆ ಉದುರಿಸಿ ಮತ್ತೆ ಚಿಗುರಬಹುದು. ಜೆಸಿಬಿ ಬೇಗ ಮುಗಿಸುತ್ತದೆ ನಿಜ, ಆದರೆ ಹುಲ್ಲಿನ ಬೇರಿರುವ ಮೇಲ್ಮಣ್ಣನ್ನೇ ಬುಡಮೇಲು ಮಾಡುತ್ತದೆ.

ಗುಂಡಿಗಳನ್ನು ಮುಚ್ಚಿ, ಮುಂಗಾರಿಗೆ ಮೊದಲು ಅಂಜನ ಹುಲ್ಲು ಮತ್ತು ಪೊರಕೆ ಕಟ್ಟುವ ಹಂಚಿ ಹುಲ್ಲಿನ ಬೀಜವನ್ನು ಚೆಲ್ಲಿ. ಸಸಿಗಳನ್ನು ಸಾಲುಸಾಲಾಗಿ ನೆಡುವ ಉತ್ಸಾಹ ಬೇಡ. ಈ ಸೀಮೆಯ ಕೃಷ್ಣಮೃಗಕ್ಕೆ ತೋಪಲ್ಲ, ಬಯಲು ಬೇಕು.

ಹುಲ್ಲು ಬೀಜ ಕಟ್ಟುವವರೆಗೆ ಮೇವಿಗೆ ಬಿಡಬೇಡಿ. ಜಾಲಿಕಾಯಿ ತಿಂದ ಕುರಿ, ದನಗಳ ಹಿಕ್ಕೆ, ಸಗಣಿಯಲ್ಲಿ ಬೀಜ ಮೊಳೆಯುವುದರಿಂದ ಮುಂದಿನ ಕೆಲವು ವರ್ಷ ಪ್ರತಿ ಮಳೆಯ ನಂತರ ಎಳೆ ಸಸಿಗಳನ್ನು ಬೇರುಸಹಿತ ಕೈಯಿಂದಲೇ ಕೀಳುತ್ತಿರಬೇಕು.