ಡೆಲ್ಟಾ ಎಂದರೆ ಎಷ್ಟು? ಧ್ರುವೀಯ ಅಣುಗಳನ್ನು ಬೋಧಿಸಿದ ನನ್ನ ಅನುಭವ

ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗೆ ರಾಸಾಯನಿಕ ಬಂಧದ ಅಧ್ಯಾಯವನ್ನು ಬೋಧಿಸುವಾಗ ನಾನು ಧ್ರುವೀಯ ಅಣುವಿನ (ಒಂದು ಬದಿ ತುಸು ಧನ, ಇನ್ನೊಂದು ಬದಿ ತುಸು ಋಣ ಆವೇಶವಿರುವ ಅಣುವಿನ) ವ್ಯಾಖ್ಯೆಯನ್ನು ಬರೆಸುವ ಮೊದಲು ಒಂದು ಲೆಕ್ಕ ಮಾಡಿಸುತ್ತೇನೆ. ಪರಮಾಣುಗಳ ತಲೆಯ ಮೇಲೆ ಭಾಗಶಃ ಧನ, ಋಣ ಆವೇಶಗಳನ್ನು ಸೂಚಿಸುವ ಡೆಲ್ಟಾ ಪ್ಲಸ್, ಡೆಲ್ಟಾ ಮೈನಸ್ ಗುರುತು ಹಾಕಲು ಬಹುತೇಕ ಎಲ್ಲರಿಗೂ ಬರುತ್ತದೆ. ಆ ಡೆಲ್ಟಾ ಎಷ್ಟು ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ.

ಹೈಡ್ರೋಜನ್ ಕ್ಲೋರೈಡ್‌ನ ಬಂಧದ ಉದ್ದ ಸುಮಾರು 127 ಪಿಕೋಮೀಟರ್. ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಪೂರ್ತಿಯಾಗಿ ಕ್ಲೋರಿನ್‌ಗೆ ಬಿಟ್ಟುಕೊಟ್ಟಿದೆ ಎಂದು ಊಹಿಸಿ, ಒಂದು ಎಲೆಕ್ಟ್ರಾನಿನ ಆವೇಶವನ್ನು ಆ ದೂರದಿಂದ ಗುಣಿಸಿದರೆ ಡೈಪೋಲ್ ಮೊಮೆಂಟ್ (ಬೇರ್ಪಟ್ಟ ಆವೇಶ ಮತ್ತು ದೂರಗಳ ಗುಣಲಬ್ಧ, ಡಿಬೈ ಅದರ ಅಳತೆಯ ಮಾನ) ಸುಮಾರು 6.1 ಡಿಬೈ ಆಗಬೇಕು. ಪ್ರಯೋಗದಲ್ಲಿ ಸಿಕ್ಕಿರುವುದು ಸುಮಾರು 1.1 ಡಿಬೈ. ಎಂದರೆ ಬೇರ್ಪಟ್ಟಿರುವುದು ಒಂದು ಎಲೆಕ್ಟ್ರಾನಿನ ಆವೇಶದ ಶೇಕಡ 18ರಷ್ಟು ಮಾತ್ರ. ಇದೇ ಲೆಕ್ಕ ಹೈಡ್ರೋಜನ್ ಫ್ಲೋರೈಡ್‌ಗೆ ಶೇಕಡ 41ನ್ನೂ ಹೈಡ್ರೋಜನ್ ಅಯೋಡೈಡ್‌ಗೆ ಶೇಕಡ 6ಕ್ಕಿಂತ ತುಸು ಕಡಿಮೆಯನ್ನೂ ಕೊಡುತ್ತದೆ. ಅಯೋಡೈಡ್‌ನ ಬಂಧವೇ ಎಲ್ಲಕ್ಕಿಂತ ಉದ್ದವಾಗಿದ್ದರೂ ಅದರ ಮೊಮೆಂಟ್ ಅತಿ ಕಡಿಮೆ ಏಕೆಂಬುದನ್ನು ವಿದ್ಯಾರ್ಥಿಗಳೇ ಹೇಳತೊಡಗುತ್ತಾರೆ. ಇದು ಸರಳೀಕರಿಸಿದ ಲೆಕ್ಕವೆಂದು ನಾನೂ ಎಚ್ಚರಿಸುತ್ತೇನೆ, ಆದರೂ ಹದಿನಾರರ ವಯಸ್ಸಿಗೆ ಇಷ್ಟು ಸಾಕು.

ನಿಜವಾದ ತೊಡಕು ಅಣುವಿನ ಆಕಾರದ್ದು. ಬಂಧ ಧ್ರುವೀಯವಾದರೆ ಅಣುವೂ ಧ್ರುವೀಯವೇ ಎಂಬ ನಂಬಿಕೆಯನ್ನು ಕಾರ್ಬನ್ ಡೈಆಕ್ಸೈಡ್ ಸುಲಭವಾಗಿ ಮುರಿಯುತ್ತದೆ. ಸರಳರೇಖೆಯ ಎರಡು ಬದಿಯ ಸೆಳೆತಗಳು ಪರಸ್ಪರ ರದ್ದಾಗುತ್ತವೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಅಮೋನಿಯಾ ಮತ್ತು ನೈಟ್ರೋಜನ್ ಟ್ರೈಫ್ಲೋರೈಡ್‌ಗಳ ಬಳಿ. ಎರಡರದ್ದೂ ಪಿರಮಿಡ್ ಆಕಾರವೇ, ಆದರೆ ಮೊದಲನೆಯದರ ಮೊಮೆಂಟ್ 1.47 ಡಿಬೈ, ಎರಡನೆಯದರದ್ದು ಸುಮಾರು 0.23 ಮಾತ್ರ. ನೈಟ್ರೋಜನ್ ಮೇಲಿನ, ಬಂಧದಲ್ಲಿ ಸೇರದ ಒಂಟಿ ಎಲೆಕ್ಟ್ರಾನ್ ಜೋಡಿಯನ್ನು ಚಿತ್ರದಲ್ಲಿ ಬರೆದು, ಎಲೆಕ್ಟ್ರಾನ್‌ಗಳ ಸೆಳೆತದ ದಿಕ್ಕಿಗೆ ಬಾಣಗಳನ್ನು ಹಾಕಿಸಿದಾಗ, ಅಮೋನಿಯಾದಲ್ಲಿ ಬಂಧಗಳ ಬಾಣ ಆ ಜೋಡಿಯ ದಿಕ್ಕಿಗೇ ಸೇರುವುದೂ, ಫ್ಲೋರೈಡ್‌ನಲ್ಲಿ ಅದಕ್ಕೆ ಎದುರಾಗುವುದೂ ಕಾಣುತ್ತದೆ.

ಬಾಚಣಿಗೆಯನ್ನು ಒಣಗಿದ ಕೂದಲಿಗೆ ಉಜ್ಜಿ ನಲ್ಲಿಯ ಸಣ್ಣ ಧಾರೆಯ ಬಳಿ ಹಿಡಿದು, ಧಾರೆ ಬಾಗುವುದನ್ನು ನೀರಿನ ಧ್ರುವೀಯತೆಗೆ ಪುರಾವೆಯಾಗಿ ತೋರಿಸುವ ಪದ್ಧತಿ ವ್ಯಾಪಕವಾಗಿದೆ. ನಾನು ಅದನ್ನು ಈ ಪಾಠದಿಂದ ಹೊರಗಿಟ್ಟಿದ್ದೇನೆ. ಆವೇಶಗೊಂಡ ಬಾಚಣಿಗೆ ತನ್ನ ಸಮೀಪದ ನೀರಿನಲ್ಲಿ ವಿರುದ್ಧ ಆವೇಶವನ್ನು ಪ್ರೇರೇಪಿಸುತ್ತದೆ, ಕಡಿದು ಬೀಳುವ ಹನಿಗಳು ಆ ನಿವ್ವಳ ಆವೇಶವನ್ನು ಹೊತ್ತೇ ಸಾಗುತ್ತವೆ, ಬಾಗುವಿಕೆಗೆ ಮುಖ್ಯ ಕಾರಣ ಅದೇ. ಅಣುಗಳು ತಿರುಗಿ ನಿಲ್ಲುವುದರಿಂದ ಬರುವ ಬಲ ತೀರ ಅಲ್ಪ. ಅದರ ಬದಲಿಗೆ 1,2-ಡೈಕ್ಲೋರೋಎಥೀನ್‌ನ ಎರಡು ರೂಪಗಳ ಕುದಿಬಿಂದುಗಳನ್ನು ಕೊಡುತ್ತೇನೆ: ಎರಡು ಕ್ಲೋರಿನ್‌ಗಳೂ ಒಂದೇ ಬದಿಗಿದ್ದು ಮೊಮೆಂಟ್ 1.9 ಡಿಬೈ ಇರುವ ಸಿಸ್ ರೂಪ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅವು ಎದುರುಬದುರು ಬದಿಗಳಲ್ಲಿದ್ದು ಮೊಮೆಂಟ್ ಸೊನ್ನೆಯಾದ ಟ್ರಾನ್ಸ್ ರೂಪ ಸುಮಾರು 48ರಲ್ಲಿ ಕುದಿಯುತ್ತದೆ, ಅಣುತೂಕ ಎರಡಕ್ಕೂ ಒಂದೇ.